ಶಿವಲೀಲಾಳ ಫೋಟೋ ಹೊರಗೆ ಹೋದದ್ದು ಹೇಗೆ?

ಹಾನುಬಾಳು ಕಡೆಯ ಹೆಂಗಸರಿಗೆ ಫೋಟೋ ತೆಗೆಸಿಕೊಳ್ಳುವುದೆಂದರೆ ಮೊದಲೆಲ್ಲ ಒಂದು ದೊಡ್ಡ ಕೆಲಸ. ಪಡಿತರ ಚೀಟಿಗೆ, ಪಾಸ್‌ಬುಕ್ಕಿಗೆ ಒಂದು ಫೋಟೋ ಬೇಕೆಂದರೂ ಸಕಲೇಶಪುರದ ಬಸ್ಸು ಹತ್ತಬೇಕು. ಅಲ್ಲಿ ಗುರುತಿಲ್ಲದ ಗಂಡಸೊಬ್ಬ ಕಣ್ಣು ಕೋರೈಸುವ ದೀಪ ಹಾಕಿ, "ತಲೆ ಎತ್ತಮ್ಮ, ಸೆರಗು ಸರಿ ಮಾಡ್ಕೊ, ಸ್ವಲ್ಪ ನಗು" ಎನ್ನುತ್ತಾನೆ. ನಗು ಎಲ್ಲಿಂದ ಬರಬೇಕು? ಆ ಕಾಲದ ಫೋಟೋಗಳನ್ನು ತೆಗೆದು ನೋಡಿ, ಎಲ್ಲರೂ ಹೆದರಿದವರ ಹಾಗೆ ಕಾಣುತ್ತಾರೆ.

ಪಂಕಜಾಕ್ಷಿ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಸ್ಟುಡಿಯೋ ಶುರು ಮಾಡಿದ ಮೇಲೆ ಈ ಕಷ್ಟ ತಪ್ಪಿತು. ಅವಳು ನಮ್ಮವಳೇ. ಗಂಡ ಲಕ್ಕಪ್ಪನಿಗೆ ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಅವಳು ಹಾಸನದಲ್ಲಿ ತರಬೇತಿ ಪಡೆದು, ಒಂದು ಒಳ್ಳೆಯ ಕ್ಯಾಮೆರಾ ಕೊಂಡಿದ್ದಳು. ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಿದ್ದರು. ಮದುವೆ ಮನೆಯವರು ಹೆಣ್ಣಿಗೆ ಸೀರೆ ಉಡಿಸುವ ಹೊತ್ತಿಗೇ ಅವಳನ್ನು ಒಳಗೆ ಕರೆಯುತ್ತಿದ್ದರು. "ಪಂಕಜಕ್ಕ ಅಲ್ವಾ, ಬರ್ಲಿ ಬಿಡು" ಎನ್ನುತ್ತಿದ್ದರು. ಅವಳ ಕ್ಯಾಮೆರಾದ ಮುಂದೆ ಯಾರೂ ಬಿಗಿದುಕೊಂಡು ನಿಲ್ಲುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತನೇ ಇಸವಿ. ಪಂಕಜಾಕ್ಷಿಯ ಮನೆಯಿಂದ ಸ್ವಲ್ಪ ಆಚೆ ಇರುವ ಶಿವಲೀಲಾಳಿಗೆ ಹೆಣ್ಣುಮಗುವಾಯಿತು. ಅದಕ್ಕೆ ಮೊದಲು ಎರಡು ಬಾರಿ ಅವಳ ಬಸಿರು ನಿಂತಿರಲಿಲ್ಲ. ತವರಿನಲ್ಲಿ ತಾಯಿ ಇಲ್ಲವಾದ್ದರಿಂದ ಅತ್ತೆ ವಿಶಾಲಮ್ಮನೇ ಬಾಣಂತನಕ್ಕೆ ನಿಂತರು. ಮಾತು ಒರಟು, ಕೈ ಮಾತ್ರ ಬಹಳ ಮೃದು ಎಂದು ಊರಲ್ಲಿ ಅವರಿಗೆ ಹೆಸರು.

ಮಗುವಿನ ಫೋಟೋ ತೆಗೆಯಲು ಪಂಕಜಾಕ್ಷಿ ಹೋದಾಗ ಎಣ್ಣೆನೀರು ಆಗತಾನೇ ಮುಗಿದಿತ್ತು. ಬೋರಲು ಹಾಕಿದ ಬಿದಿರು ಬುಟ್ಟಿಯ ಮೇಲೆ ಶಿವಲೀಲಾ ಕೂದಲು ಹರಡಿ ಒರಗಿದ್ದಳು. ಕೆಳಗಿನಿಂದ ಸಾಂಬ್ರಾಣಿ ಹೊಗೆ ಏಳುತ್ತಿತ್ತು. ಮಗು ಎದೆಗೊರಗಿ ನಿದ್ದೆ ಹೋಗಿತ್ತು. ಅತ್ತೆಯ ಕೈ ಸೊಸೆಯ ಹಣೆಯ ಮೇಲಿತ್ತು.

"ಹಿಂಗೇ ಇರು ಕಣೆ, ಅಲ್ಲಾಡ್ಬೇಡ" ಎಂದಳು ಪಂಕಜಾಕ್ಷಿ.

"ಅಯ್ಯೋ ಬ್ಯಾಡ ಕಣಕ್ಕ. ಸೀರೆ ಸರಿಗಿಲ್ಲ, ಏನಿಲ್ಲ."

"ಇದು ನಿಂಗೊಬ್ಳಿಗೇ ಕಣೆ. ನಿನ್ನ ಮಗಳು ದೊಡ್ಡೋಳಾದ ಮೇಲೆ ತೋರ್ಸು. ನಾನು ಯಾರಿಗೂ ತೋರ್ಸಲ್ಲ, ಗೋಡೇಲೂ ಹಾಕಲ್ಲ."

ಶಿವಲೀಲಾ ಅತ್ತೆಯ ಮುಖ ನೋಡಿದಳು. "ತೆಕ್ಕಳ್ಲಿ ಬಿಡು, ಪಂಕಜಾ ತಾನೇ" ಎಂದರು ವಿಶಾಲಮ್ಮ. ಫೋಟೋ ಆಯಿತು. ಪಂಕಜಾಕ್ಷಿ ಅಲ್ಲಿಯವರೆಗೆ ತೆಗೆದ ಫೋಟೋಗಳಲ್ಲೆಲ್ಲ ಅದೇ ಚೆಂದದ್ದು.

ಇನ್ನು ಸ್ಟುಡಿಯೋದ ವಿಷಯ ಸ್ವಲ್ಪ ಹೇಳಬೇಕು. ಆ ವರ್ಷ ಪಂಕಜಾಕ್ಷಿಯ ಕೆಲಸ ಹೆಚ್ಚಾಗಿತ್ತು. ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಆಲ್ಬಮ್ ಮಾಡಲು ಒಳಗೆ ಇನ್ನೊಂದು. ಎರಡಕ್ಕೂ ನಂಟು ಬೇಕೆಂದು ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿ, ತಂತಿಯಿಲ್ಲದೆ ನಡೆಯುವ ವೈ-ಫೈ ಮೋಡೆಮ್ ಇಡಿಸಿದಳು. ಫೋಟೋಗಳಿದ್ದ ಫೋಲ್ಡರನ್ನು 'ಶೇರ್' ಮಾಡಿಟ್ಟಳು. ಅಂದರೆ ಆ ವೈ-ಫೈಗೆ ಸೇರಿದ ಯಾವ ಕಂಪ್ಯೂಟರಿನಿಂದಲೂ ಅದನ್ನು ತೆರೆಯಬಹುದು. ಮನೆಯಲ್ಲಿರುವುದೇ ಎರಡು ಕಂಪ್ಯೂಟರ್, ಮೂರನೆಯದು ಎಲ್ಲಿಂದ ಬರುತ್ತದೆ ಎಂದು ಅವಳ ಎಣಿಕೆ.

ಮೋಡೆಮ್ ಕೂರಿಸಲು ಬಂದ ಹುಡುಗ ಕೇಳಿಯೂ ಇದ್ದ: "ಪಾಸ್‌ವರ್ಡ್ ಹಾಕ್ಬೇಕಾ ಸಾರ್?"

"ಅದ್ಯಾಕ್ ಮಾರಾಯ?" ಎಂದ ಲಕ್ಕಪ್ಪ. "ನೆನಪಿಟ್ಕಳೋರು ಯಾರು? ಇದೇನ್ ಬೆಂಗ್ಳೂರಾ?"

ಹುಡುಗನಿಗೆ ಬಸ್ಸಿನ ಹೊತ್ತಾಗಿತ್ತು. ಹಾಗೇ ಬಿಟ್ಟು ಹೋದ.

ಮನೆಯ ಎದುರು, ರಸ್ತೆಯ ಆಚೆ, ಜವರಪ್ಪನ ಚಹಾ ಅಂಗಡಿ. ಶನಿವಾರ, ಭಾನುವಾರ ಊರು ನೋಡಲು ಬರುವವರ ಕಾರುಗಳು ಅಲ್ಲಿ ನಿಲ್ಲುತ್ತವೆ. ಕೆಲವರು ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆಯುತ್ತಿದ್ದರು. "ಇಲ್ಲಿ ನೆಟ್ ಸಿಗುತ್ತೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಜವರಪ್ಪನಿಗೆ ಚಹಾ ವ್ಯಾಪಾರ. ಲಕ್ಕಪ್ಪನಿಗೂ ಒಳಗೊಳಗೇ ಹೆಮ್ಮೆ.

ಗೌರಿ ಹಬ್ಬಕ್ಕೆ ಪಂಕಜಾಕ್ಷಿಯ ಅಣ್ಣನ ಮಗಳು ದೀಪಶ್ರೀ ಬಂದಿದ್ದಳು. ಸಕಲೇಶಪುರದಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿ. ತನ್ನ ಲ್ಯಾಪ್‌ಟಾಪ್ ತೆರೆದವಳೇ, "ಮಾವ, ನಿಮ್ಮ ವೈ-ಫೈಗೆ ಪಾಸ್‌ವರ್ಡೇ ಇಲ್ವಲ್ಲ! ಯಾರು ಬೇಕಾದ್ರೂ ಸೇರ್ಕೋಬೌದು" ಎಂದಳು.

"ಸೇರ್ಕಳ್ಲಿ ಬಿಡವ್ವ. ಬಾಯಾರಿ ಬಂದೋರಿಗೆ ನೀರು ಕೊಡಲ್ವಾ, ಹಂಗೇ ಇದು. ನಮ್ದೇನ್ ಸವ್ದೋಗ್ತದೆ?" ಎಂದ ಲಕ್ಕಪ್ಪ. ಪಂಕಜಾಕ್ಷಿ ಕಡುಬಿನ ಹಿಟ್ಟು ನಾದುತ್ತಾ ನಕ್ಕಳು. ದೀಪಶ್ರೀಗೂ ಹಬ್ಬದ ಗಡಿಬಿಡಿ. ಮಾತು ಅಲ್ಲಿಗೇ ನಿಂತಿತು.

ಶಿವಲೀಲಾಳ ಗಂಡ ಮೋಹಿತ್ ಒಂದು ಎಸ್ಟೇಟಿನಲ್ಲಿ ರೈಟರ್. ಹಾಜರಿ, ಕುಯ್ಲಿನ ಲೆಕ್ಕ ಎಲ್ಲ ಅವನದು. ಕಾಫಿ ಹಣ್ಣಾಗುವ ಕಾಲ. ಒಂದು ಬೆಳಿಗ್ಗೆ ಆಫೀಸಿನ ಕಂಪ್ಯೂಟರಿಗೆ ಎಲ್ಲಿಂದಲೋ ಒಂದು ಮೇಲ್ ಬಂತು. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕಳಿಸುತ್ತಾ ಬಂದ ಮೇಲ್. ಸ್ಟೋರಿನ ಒಬ್ಬ ಅದನ್ನು ತೆರೆದು, "ಬನ್ರೋ ಇಲ್ಲಿ" ಎಂದು ನಾಲ್ಕು ಜನರನ್ನು ಕರೆದ. ಮೋಹಿತನೂ ಹೋಗಿ ಬಗ್ಗಿ ನೋಡಿದ.

ಬಿದಿರು ಬುಟ್ಟಿಯ ಮೇಲೆ ಹರಡಿದ ಕೂದಲು. ಅರ್ಧ ಜಾರಿದ ಸೆರಗು. ಎದೆಗೊರಗಿದ ಮಗು. ತನ್ನ ಹೆಂಡತಿ, ತನ್ನ ಮಗಳು, ತನ್ನ ತಾಯಿಯ ಕೈ. ಮೇಲೆ 'ಮಲೆನಾಡಿನ ಚೆಲುವೆ' ಎಂದು ದೊಡ್ಡದಾಗಿ ಬರೆದಿತ್ತು. ಕೆಳಗೆ ಯಾರ್ಯಾರೋ ಬರೆದ ಮಾತುಗಳಿದ್ದವು.

ಕರೆದವನಿಗೆ ಆಮೇಲೆ ಗುರುತು ಹತ್ತಿತು. ಅವನು ತಟ್ಟನೆ ಪರದೆ ಆರಿಸಿದ. ಮೋಹಿತ್ ಛತ್ರಿಯನ್ನೂ ತೆಗೆದುಕೊಳ್ಳದೆ ಮನೆಗೆ ಬಂದ.

ಅವನು ಹೆಂಡತಿಯ ಮೇಲೆ ಕೂಗಾಡಲಿಲ್ಲ. ಅಂಥವನಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳಿ, ಜಗುಲಿಯಲ್ಲಿ ತಲೆ ತಗ್ಗಿಸಿ ಕೂತ. ಶಿವಲೀಲಾ ಮಗುವನ್ನು ಎತ್ತಿಕೊಂಡು ನೇರ ಪಂಕಜಾಕ್ಷಿಯ ಮನೆಗೆ ಬಂದಳು.

"ಅಕ್ಕ, ಆ ಫೋಟೋ ಯಾರಿಗ್ ಕೊಟ್ಟೆ?"

"ಯಾವ ಫೋಟೋನೆ?"

"ಯಾರಿಗೂ ತೋರ್ಸಲ್ಲ ಅಂದಿದ್ದಲ್ಲ, ಅದು."

"ನಿನ್ನ ಮಗಳ ಮೇಲಾಣೆ, ನಾನ್ ಯಾರಿಗೂ—"

"ನನ್ನ ಮಗಳ ಮೇಲೆ ಆಣೆ ಇಡ್ಬ್ಯಾಡ ಕಣಕ್ಕ" ಎಂದಳು ಶಿವಲೀಲಾ. ಅವಳ ದನಿ ಏರಲಿಲ್ಲ. "ಊರೋರೆಲ್ಲ ನೋಡವ್ರೆ. ನಿನ್ನ ಕ್ಯಾಮೆರಾದಲ್ಲಿ ತೆಗ್ದಿದ್ದು. ನಿನ್ನ ಮನೇಲಿ ಇದ್ದಿದ್ದು. ಮತ್ತೆ ಅದೇನ್ ನಡ್ಕಂಡ್ ಹೋಯ್ತಾ?"

ಶಿವಲೀಲಾ ಹೋದ ಮೇಲೂ ಪಂಕಜಾಕ್ಷಿ ಬಾಗಿಲಲ್ಲೇ ನಿಂತಿದ್ದಳು.

ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮದುವೆಯ ಫೋಟೋಗೆ ಅವಳನ್ನು ಗೊತ್ತು ಮಾಡಿದ್ದ ಮನೆಯವರು, "ಸಕಲೇಶಪುರದೋರ್ನೇ ಕರ್ಸ್ತೀವಿ" ಎಂದು ಹೇಳಿ ಕಳಿಸಿದರು. ಲೈನಿನ ಹುಲಿಯಮ್ಮ, ಎದುರಿಗೆ ಸಿಕ್ಕರೆ ನಿಂತು ಮಾತಾಡಿಸುತ್ತಿದ್ದವಳು, ಬೇಲಿ ಪಕ್ಕದಲ್ಲಿ ಸರಿದು ಹೋದಳು. ಪಂಕಜಾಕ್ಷಿ ಅನ್ನದ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದಳು. ವ್ಯಾಪಾರ ಹೋಯಿತೆಂಬ ದುಃಖಕ್ಕಿಂತ, ಆ ಹುಡುಗಿ ತನ್ನನ್ನು ನೋಡಿದ ನೋಟ ಅವಳನ್ನು ಸುಡುತ್ತಿತ್ತು.

"ಏನಾಯ್ತೋ ನಂಗೇ ಗೊತ್ತಿಲ್ಲ ಕಣ್ರೀ" ಎಂದು ಗಂಡನ ಮುಂದೆ ಅತ್ತಳು. "ನಾನೇ ಮರೆವಲ್ಲಿ ಯಾರಿಗಾದ್ರೂ ಕೊಟ್ಬುಟ್ನಾ ಅಂತ ನಂಗೇ ಅನುಮಾನ ಬರ್ತೈತೆ."

ಲಕ್ಕಪ್ಪ ದೀಪಶ್ರೀಗೆ ಫೋನು ಮಾಡಿದ. "ಭಾನುವಾರ ಬಂದೋಗವ್ವ. ನಿಮ್ಮತ್ತೆ ಸೊರಗೋಗವ್ಳೆ."

ದೀಪಶ್ರೀ ಬಂದು ಎಲ್ಲ ಕೇಳಿಸಿಕೊಂಡಳು. ಕಂಪ್ಯೂಟರಿನಲ್ಲಿ ಒಂದಷ್ಟು ಹೊತ್ತು ಹುಡುಕಿದಳು. ಆಮೇಲೆ ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು, "ಅತ್ತೆ, ಮಾವ, ಬನ್ನಿ ನನ್ ಜೊತೆ" ಎಂದು ರಸ್ತೆ ದಾಟಿ ಜವರಪ್ಪನ ಬೆಂಚಿನ ಮೇಲೆ ಕೂತಳು.

"ಇಲ್ಲಿ ಏನ್ಮಾಡಕ್ಕೆ?" ಎಂದ ಲಕ್ಕಪ್ಪ.

"ನೋಡ್ತಾ ಇರಿ. ಯಾರನ್ನೂ ಏನೂ ಕೇಳಲ್ಲ ನಾನು."

ಅವಳು ವೈ-ಫೈ ಹೆಸರುಗಳನ್ನು ತೆರೆದಳು. ಒಂದೇ ಹೆಸರು ಬಂತು. ಒತ್ತಿದಳು. ಅದು ಏನನ್ನೂ ಕೇಳದೆ ಸೇರಿಸಿಕೊಂಡಿತು. ಇನ್ನೊಂದು ಕಡೆ ಒತ್ತಿದಳು. ಒಳಮನೆಯ ಕಂಪ್ಯೂಟರಿನ ಹೆಸರು ಬಂತು. ಮತ್ತೊಮ್ಮೆ ಒತ್ತಿದಳು.

ಪರದೆಯ ತುಂಬ ಫೋಟೋಗಳು ಬಂದವು. ಹುಲಿಯಮ್ಮನ ಮೊಮ್ಮಗು ಬೆತ್ತಲೆ ಕುಣಿಯುತ್ತಿದ್ದದ್ದು. ಸೀರೆ ಉಟ್ಟು ಮುಗಿಯದ ಮದುವೆ ಹೆಣ್ಣು ಅಕ್ಕತಂಗಿಯರ ನಡುವೆ ನಗುತ್ತಿದ್ದದ್ದು. ಸಾಯುವ ಹಿಂದಿನ ವಾರ ಮಂಚದ ಮೇಲೆ ಕೂರಿಸಿ ತೆಗೆದ ಅಜ್ಜಿಯೊಬ್ಬಳದು. ಶಿವಲೀಲಾಳದು. ಚಹಾ ಲೋಟ ಹಿಡಿದು ಬಂದ ಜವರಪ್ಪ ಅಲ್ಲೇ ನಿಂತ.

ಪಂಕಜಾಕ್ಷಿ ಎರಡೂ ಕೈಯಿಂದ ಲ್ಯಾಪ್‌ಟಾಪಿನ ಮುಚ್ಚಳ ಒತ್ತಿ ಮುಚ್ಚಿದಳು.

"ರಸ್ತೇಲಿ ಕೂತ್ಕಂಡು..." ಎಂದಳು.

"ಹೌದು ಅತ್ತೆ. ಇಲ್ಲಿ ಕೂತು ಚಾ ಕುಡಿದೋರು ಯಾರು ಬೇಕಾದ್ರೂ ನೋಡಿರ್ಬೌದು, ತಗಂಡು ಹೋಗಿರ್ಬೌದು. ಯಾರು ಅಂತ ಈಗ ಹುಡುಕೋದು ಬಲು ಕಷ್ಟ."

ಲಕ್ಕಪ್ಪ ಮೊದಲು ಹೆಂಡತಿಯ ಮುಖ ನೋಡಿದ. ಆಮೇಲೆ ಒಂದೇ ಉಸಿರಿಗೆ ಮನೆಗೆ ಹೋಗಿ ಮೋಡೆಮ್ಮಿನ ತಂತಿ ಕಿತ್ತುಹಾಕಿದ. ವಾಪಸು ಬಂದವನು, "ನೀನ್ ಕೊಟ್ಟಿಲ್ಲ ಅಂತ ಗೊತ್ತಾಯ್ತಲ್ಲ ಪಂಕಜಾ, ಸಮಾಧಾನ ಮಾಡ್ಕೊ" ಎಂದ.

"ಕೊಟ್ಟಿಲ್ಲ. ಆದ್ರೆ ಕಾಪಾಡ್ಲೂ ಇಲ್ಲ. ಆ ಹುಡ್ಗಿ ನನ್ನ ನಂಬಿ ಕೂತಿದ್ಳು ಕಣ್ರೀ" ಎಂದಳು ಪಂಕಜಾಕ್ಷಿ. ಸೆರಗಿನಿಂದ ಮುಖ ಒರೆಸಿಕೊಂಡಳು. "ನಡಿ ದೀಪಾ. ಮೊದ್ಲು ಅವ್ರ ಮನೆಗೆ."

ಬಾಗಿಲಲ್ಲಿ ವಿಶಾಲಮ್ಮ ನಿಂತಿದ್ದರು. "ಒಳಗೆ ಬಾ" ಎನ್ನಲಿಲ್ಲ.

"ಏನ್ ಹೇಳಕ್ ಬಂದೆ?"

ಪಂಕಜಾಕ್ಷಿ ನಿಂತಲ್ಲೇ ಎಲ್ಲ ಹೇಳಿದಳು. ಮೋಡೆಮ್, ಪಾಸ್‌ವರ್ಡ್ ಇಲ್ಲದ್ದು, ಚಹಾ ಅಂಗಡಿಯ ಬೆಂಚಿನ ಮೇಲೆ ಕಂಡದ್ದು. "ನಾನು ಬೇಕಂತ ಮಾಡ್ಲಿಲ್ಲ ವಿಶಾಲಮ್ಮೋರೆ. ಆದ್ರೂ ತಪ್ಪು ನಂದೇ. ಹಬ್ಬದಲ್ಲಿ ಈ ಹುಡ್ಗಿ ಹೇಳಿದ್ಳು, ನಾವು ನಕ್ಬುಟ್ವಿ."

"ಗಾಳೀಲಿ ಫೋಟೋ ಹೋಗ್ತದಾ?" ಎಂದರು ವಿಶಾಲಮ್ಮ. "ನಂಗೇನ್ ಕಥೆ ಹೇಳ್ತೀಯ? ಗೋಡೆ ಐತೆ, ಬಾಗ್ಲು ಐತೆ. ಒಳಗಿದ್ದದ್ದು ರಸ್ತೆಗೆ ಹೆಂಗ್ ಹೋಗ್ತದೆ?"

ದೀಪಶ್ರೀ ಮುಂದೆ ಬಂದಳು. "ಅಮ್ಮ, ನಿಮ್ಮನೆ ರೇಡಿಯೋ ಒಳಗೇ ಇರುತ್ತಲ್ಲ, ಹಾಸನದ ಮಾತು ಅದಕ್ಕೆ ಹೆಂಗ್ ಬರ್ತದೆ?"

"ಗಾಳೀಲಿ ಬರ್ತದೆ."

"ಇದೂ ಹಂಗೇ. ಅತ್ತೆ ಮನೆ ಮೋಡೆಮ್ಮು ಸಣ್ಣ ರೇಡಿಯೋ ಸ್ಟೇಷನ್ ಇದ್ದಂಗೆ. ಅದರ ಅಲೆ ಗೋಡೆ ದಾಟಿ ರಸ್ತೆ ತನಕ ಹೋಗ್ತದೆ. ಪಾಸ್‌ವರ್ಡ್ ಇದ್ರೆ ಗೊತ್ತಿರೋರು ಮಾತ್ರ ಸೇರ್ಕೋಬೌದು. ಇಲ್ದಿದ್ರೆ ದಾರಿಹೋಕ್ರೂ ಸೇರ್ಕೋಬೌದು."

ಒಳಗಿನಿಂದ ಮಗು ಅಳುವ ಸದ್ದು, ಶಿವಲೀಲಾ ಸಮಾಧಾನ ಮಾಡುವ ಸದ್ದು ಕೇಳಿಸುತ್ತಿತ್ತು. ಅವಳು ಹೊರಗೆ ಬರಲಿಲ್ಲ.

"ಮೋಹಿತಾ" ಎಂದು ಕರೆದರು ವಿಶಾಲಮ್ಮ. "ಚಪ್ಪಲಿ ಹಾಕ್ಕೊ. ಇವರು ಹೇಳಿದ್ದು ನಿಜಾನೋ ಸುಳ್ಳೋ ಕಣ್ಣಾರೆ ನೋಡನ ನಡಿ."

ಹೀಗೆ ಆ ಭಾನುವಾರ ಐದು ಜನ ಪಂಕಜಾಕ್ಷಿಯ ಸ್ಟುಡಿಯೋದಲ್ಲಿ ಸೇರಿದರು. ದೀಪಶ್ರೀ ಮೋಡೆಮ್ಮಿಗೂ ಕಂಪ್ಯೂಟರಿಗೂ ತಂತಿ ಸಿಕ್ಕಿಸಿ, ಮೋಡೆಮ್ಮನ್ನು ಮತ್ತೆ ಹಚ್ಚಿದಳು. "ಸೆಟ್ಟಿಂಗ್ ಬದಲಾಯಿಸುವಾಗ ತಂತೀಲೇ ಮಾಡೋದು ಒಳ್ಳೇದು. ಮಧ್ಯದಲ್ಲಿ ಕಡಿದು ಹೋಗಲ್ಲ" ಎಂದಳು. ಮೋಡೆಮ್ಮಿನ ತಳ ತಿರುಗಿಸಿ ಅಲ್ಲಿದ್ದ ಅಂಕಿಗಳನ್ನು ತೋರಿಸಿದಳು. ಅವನ್ನು ಬ್ರೌಸರಿನಲ್ಲಿ ಟೈಪ್ ಮಾಡಿದರೆ ಮೋಡೆಮ್ಮಿನದೇ ಒಂದು ಪುಟ ತೆರೆಯಿತು. ಅದು ಹೆಸರು, ಪಾಸ್‌ವರ್ಡ್ ಕೇಳಿತು. ಎರಡಕ್ಕೂ ದೀಪಶ್ರೀ 'ಅಡ್ಮಿನ್' ಎಂದೇ ಹಾಕಿದಳು. ಪುಟ ತೆರೆಯಿತು.

"ನಿಂಗೆ ಹೆಂಗ್ ಗೊತ್ತಾಯ್ತು?" ಎಂದ ಲಕ್ಕಪ್ಪ.

"ಕಂಪನಿಯಿಂದ ಬರೋವಾಗ್ಲೇ ಹಿಂಗಿರುತ್ತೆ ಮಾವ. ಇದೇ ಥರದ ಎಷ್ಟೋ ಮೋಡೆಮ್ಮಿಗೆ ಇದೇ ಪಾಸ್‌ವರ್ಡು. ಅದಕ್ಕೇ ಮೊದ್ಲು ಬದಲಾಯಿಸ್ಬೇಕಾದ್ದು ಇದನ್ನ. ಇಲ್ದಿದ್ರೆ ಹೊರಗಿನೋರು ಬಂದು ನಮ್ಮನ್ನೇ ಆಚೆ ಹಾಕ್ಬೌದು." ಮೋಡೆಮ್ಮಿನ ಪಾಸ್‌ವರ್ಡ್ ಬದಲಾಯಿತು.

ಆಮೇಲೆ ವೈರ್‌ಲೆಸ್ ಎಂಬ ಪುಟಕ್ಕೆ ಹೋದಳು. ಭದ್ರತೆ ಎಂಬಲ್ಲಿ 'ಏನೂ ಇಲ್ಲ' ಎಂದಿತ್ತು. ಕೆಳಗೆ ಬೇರೆ ಬೇರೆ ಆಯ್ಕೆಗಳಿದ್ದವು.

"ಇದು ಡಬ್ಲ್ಯೂಇಪಿ. ಹಳೇದು. ಗೊತ್ತಿರೋರು ಬೇಗ ಮುರೀತಾರೆ, ಬೇಡ. ಇದು ಡಬ್ಲ್ಯೂಪಿಎ-ಟು. ಸದ್ಯಕ್ಕೆ ಇದೇ ಗಟ್ಟಿ. ಇದನ್ನ ಆರಿಸ್ಕೊಳೋದು. ಈಗ ಒಂದು ಪಾಸ್‌ವರ್ಡ್ ಹೇಳಿ ಅತ್ತೆ."

"ನಮ್ ಫೋನ್ ನಂಬ್ರ ಹಾಕ್ಬುಡು" ಎಂದ ಲಕ್ಕಪ್ಪ.

"ಅದು ಹೊರಗಿನ ಬೋರ್ಡ್ ಮೇಲೇ ಐತಲ್ಲ ಮಾವ!"

ಮೋಹಿತ್ ಪರದೆಯ ಹತ್ತಿರ ಬಗ್ಗಿದ. ನಿಧಾನಕ್ಕೆ ಕೇಳಿದ: "ಮನೆ ದೇವರ ಹೆಸರು?"

"ಅದೂ ಊರಿಗೇ ಗೊತ್ತು ಅಣ್ಣ. ಒಂದಕ್ಕೊಂದು ಸಂಬಂಧ ಇಲ್ದಿರೋ ನಾಲ್ಕು ಪದ ಹೇಳಿ. ಮಧ್ಯ ಒಂದೆರಡು ಅಂಕಿ ಸೇರ್ಸಣ. ಉದ್ದ ಇರ್ಲಿ, ನೆನಪಲ್ಲೂ ಇರ್ಲಿ."

ಎಲ್ಲರೂ ಯೋಚಿಸುತ್ತಾ ಕೂತರು. ವಿಶಾಲಮ್ಮ ಗಂಟಲು ಸರಿಮಾಡಿಕೊಂಡು, "ಒನಕೆ" ಎಂದರು. ಮತ್ತೆ ಯೋಚಿಸಿ, "ಒನಕೆ, ಜಿರಲೆ..." ಎಂದರು.

"ಅಮ್ಮ, ಜೋರಾಗಿ ಹೇಳ್ಬೇಡಿ!" ಎಂದು ದೀಪಶ್ರೀ ನಕ್ಕುಬಿಟ್ಟಳು. "ನಮ್ಮತ್ತೆ ಕಿವೀಲಿ ಹೇಳಿ. ಬೇರೆ ಪದ ಹೇಳಿ."

ವಿಶಾಲಮ್ಮ ಎದ್ದು ಬಂದು, ಪಂಕಜಾಕ್ಷಿಯ ಹೆಗಲ ಮೇಲೆ ಕೈಯಿಟ್ಟು, ಬಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಪಂಕಜಾಕ್ಷಿಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಆ ಹೆಂಗಸು ಅವಳನ್ನು ಹೀಗೆ ಮುಟ್ಟಿ ಮಾತಾಡಿಸಿ ಎಷ್ಟೋ ದಿನವಾಗಿತ್ತು. ಪಂಕಜಾಕ್ಷಿ ಕಣ್ಣೊರೆಸಿಕೊಂಡು, ಆ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಾಗಿ ಟೈಪ್ ಮಾಡಿದಳು.

ದೀಪಶ್ರೀ ವೈ-ಫೈಗಿದ್ದ ಸ್ಟುಡಿಯೋ ಹೆಸರು ತೆಗೆದು ಬೇರೆ ಹೆಸರು ಕೊಟ್ಟಳು. ಯಾರ ಮನೆಯದೆಂದು ದಾರಿಯಲ್ಲಿ ಹೋಗುವವರಿಗೆ ತಿಳಿಯಬೇಕಾಗಿಲ್ಲ. ಹೊರಗಿನಿಂದ ಇಂಟರ್‌ನೆಟ್ ಮೂಲಕ ಮೋಡೆಮ್ಮಿನ ಸೆಟ್ಟಿಂಗ್ ತೆರೆಯುವ ದಾರಿಯನ್ನು ಮುಚ್ಚಿದಳು. ಫೋಟೋ ಫೋಲ್ಡರಿಗೂ ಬೇರೆಯದೇ ಪಾಸ್‌ವರ್ಡ್ ಇಟ್ಟಳು. "ಒಂದನ್ನ ದಾಟಿ ಬಂದ್ರೂ ಇನ್ನೊಂದು ತಡೀಬೇಕು" ಎಂದಳು. "ಮತ್ತೆ ಮಾವ, ಮಲಗೋವಾಗ, ಊರಿಗ್ ಹೋಗೋವಾಗ ಮೋಡೆಮ್ ಆರಿಸ್ಬುಡಿ. ನೆಂಟ್ರು ಬಂದ್ರೆ ಪಾಸ್‌ವರ್ಡ್ ಕೊಡಿ, ಬೇಡ ಅನ್ನಲ್ಲ. ಅವ್ರು ಹೋದ್ಮೇಲೆ ಬದಲಾಯಿಸಿ."

"ನೀರು ಕೊಟ್ಟಂಗೆ ಅಂದ್ಕಂಡಿದ್ದೆ ಕಣವ್ವ" ಎಂದ ಲಕ್ಕಪ್ಪ. "ಬಂದೋರಿಗೆ ಕೈಯಾರೆ ನೀರು ಕೊಡೋದು ಬೇರೆ. ಗೊತ್ತಿಲ್ದೋರು ಒಳಮನೆ ತನಕ ಬರೋದು ಬೇರೆ. ನಂಗೆ ಈಗ ಅರ್ಥ ಆಯ್ತು."

ಕೊನೆಗೆ ಎಲ್ಲರೂ ಮತ್ತೆ ಜವರಪ್ಪನ ಬೆಂಚಿಗೆ ಹೋದರು. ಈ ಸಲ ಲ್ಯಾಪ್‌ಟಾಪ್ ಮೋಹಿತನ ತೊಡೆಯ ಮೇಲಿತ್ತು. ಅವನು ವೈ-ಫೈ ಹೆಸರನ್ನು ಒತ್ತಿದ. ಅದು ಪಾಸ್‌ವರ್ಡ್ ಕೇಳಿತು. ಏನೋ ಒಂದು ಹಾಕಿದ. ಆಗಲಿಲ್ಲ. ಇನ್ನೊಂದು ಹಾಕಿದ. ಆಗಲಿಲ್ಲ.

"ಬಿಡ್ತಾ ಇಲ್ಲ ಕಣವ್ವ" ಎಂದು ತಾಯಿಗೆ ಹೇಳಿದ.

ವಿಶಾಲಮ್ಮ ಪರದೆಯನ್ನೇ ನೋಡುತ್ತಿದ್ದರು. "ಇಷ್ಟ್ ಸಣ್ಣ ಕೆಲ್ಸಾನಾ ಇದು?" ಎಂದರು. "ಇಷ್ಟಕ್ಕೆ ನನ್ ಸೊಸೆ ಇಷ್ಟ್ ಅಳ್ಬೇಕಾಯ್ತಾ?"



ದೀಪಶ್ರೀ ಮೋಹಿತನ ಜೊತೆ ಕೂತು, ಆ ಮೇಲ್ ಬಂದಿದ್ದ ಬೇರೊಬ್ಬರಿಂದ ಅದನ್ನು ತರಿಸಿಕೊಂಡು ನೋಡಿದಳು. ಯಾವುದೋ ಒಂದು ಫೋಟೋ ತಾಣದಿಂದ ಅದು ಹರಡಿತ್ತು. ಇದು ಅನುಮತಿಯಿಲ್ಲದೆ ಹಾಕಿದ ಖಾಸಗಿ ಫೋಟೋ, ತೆಗೆದವಳು ನಾನು ಎಂದು ಪಂಕಜಾಕ್ಷಿಯ ಹೆಸರಿನಲ್ಲಿ ಆ ತಾಣಕ್ಕೆ ಬರೆದಳು. ಪೊಲೀಸ್ ಠಾಣೆಗೂ ದೂರು ಕೊಟ್ಟರು. ಕೆಲವು ದಿನಗಳಲ್ಲಿ ತಾಣದವರು ಫೋಟೋ ತೆಗೆದುಹಾಕಿದರು. ಹಾಕಿದವನು ಯಾರೆಂದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಅಷ್ಟರಲ್ಲಿ ಮೇಲಿನಲ್ಲಿ ಕೈಯಿಂದ ಕೈಗೆ ಹೋದ ಪ್ರತಿಗಳನ್ನು ವಾಪಸು ತರಲು ಯಾರಿಂದಲೂ ಆಗುವುದಿಲ್ಲ. ಅದನ್ನು ದೀಪಶ್ರೀ ಮುಚ್ಚಿಡದೆ ಹೇಳಿದಳು.

ಸೋಮವಾರ ಆಫೀಸಿಗೆ ಹೋದ ಮೋಹಿತ್ ಮಾಡಿದ ಮೊದಲ ಕೆಲಸವೇನು ಗೊತ್ತೇ? ಎಸ್ಟೇಟ್ ಆಫೀಸಿನ ವೈ-ಫೈ ನೋಡಿದ. ಅದಕ್ಕೂ ಪಾಸ್‌ವರ್ಡ್ ಇರಲಿಲ್ಲ. ಧಣಿಯವರಿಗೆ ತಾನೇ ವಿಷಯ ತಿಳಿಸಿ ಸರಿ ಮಾಡಿಸಿದ. ಅಂದು ಪರದೆ ಆರಿಸಿದ್ದ ಸ್ಟೋರಿನವನು ಬಳಿ ಬಂದು, "ನಾನ್ ಆ ಮೇಲ್ ಯಾರಿಗೂ ಕಳಿಸ್ಲಿಲ್ಲ ಕಣಣ್ಣ, ಅಳಿಸ್ಬುಟ್ಟೆ" ಎಂದ. ಮೋಹಿತ್ ಅವನ ಭುಜ ತಟ್ಟಿದ.

ಪಂಕಜಾಕ್ಷಿ ತನ್ನ ಕಂಪ್ಯೂಟರಿನಲ್ಲಿ ಯಾರ ಯಾರ ಫೋಟೋ ಇತ್ತೋ ಅವರ ಮನೆಗಳಿಗೆಲ್ಲ ಹೋದಳು. ನಡೆದದ್ದನ್ನು ಹೇಳಿದಳು. ಕೆಲವರು ಬೈದರು. ಕೆಲವರು, "ಅಳಿಸ್ಬುಡು" ಎಂದರು, ಅವರನ್ನು ಕರೆದು ಅವರ ಕಣ್ಣೆದುರೇ ಅಳಿಸಿದಳು. ಹುಲಿಯಮ್ಮ ಎಲ್ಲ ಕೇಳಿಸಿಕೊಂಡು, "ನೀನಾಗೇ ಬಂದು ಹೇಳಿದ್ಯಲ್ಲ, ಬಾ, ಕಾಫಿ ಕುಡಿ" ಎಂದಳು.

ಶಿವಲೀಲಾ ಮಾತ್ರ ಬರಲಿಲ್ಲ. ಪಂಕಜಾಕ್ಷಿಯೂ ಒತ್ತಾಯಿಸಲಿಲ್ಲ. ಅವಳ ಮನೆಯ ಮುಂದೆ ಹಾದು ಹೋಗುವಾಗ ಮಗುವಿನ ಸದ್ದು ಕೇಳಿದರೆ ಒಂದು ಗಳಿಗೆ ನಿಂತು, ಮುಂದೆ ಹೋಗುತ್ತಿದ್ದಳು.

ಕಾಫಿ ಕುಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗುತ್ತಿದ್ದ ಕಾಲ. ಒಂದು ಮಧ್ಯಾಹ್ನ ಸ್ಟುಡಿಯೋದ ಬಾಗಿಲಲ್ಲಿ ಶಿವಲೀಲಾ ನಿಂತಿದ್ದಳು. ಮಗು ಈಗ ಕತ್ತು ನಿಲ್ಲಿಸಿ ಸುತ್ತ ನೋಡುತ್ತಿತ್ತು.

ಪಂಕಜಾಕ್ಷಿ ಎದ್ದು ನಿಂತಳು. "ಆ ಫೋಟೋ ಇನ್ನೂ ಐತೆ ಕಣೆ" ಎಂದಳು. "ನಿನ್ನ ಕೇಳ್ದೆ ಅಳಿಸ್ಬಾರ್ದು ಅಂತ ಇಟ್ಟಿದ್ದೆ. ಈಗ್ಲೇ ಅಳಿಸ್ತೀನಿ. ನೀನೇ ನೋಡು."

"ಬ್ಯಾಡ" ಎಂದಳು ಶಿವಲೀಲಾ.

ಅವಳು ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಮಗುವನ್ನು ಪಂಕಜಾಕ್ಷಿಯ ಕೈಗೆ ಕೊಟ್ಟಳು.

"ನಂಗೆ ಅದರದ್ದು ಒಂದು ದೊಡ್ಡ ಪ್ರಿಂಟ್ ಹಾಕ್ಕೊಡಕ್ಕ. ಎರಡ್ ಕೂಸು ಹೋದ್ಮೇಲೆ ಇವ್ಳು ಬಂದ್ಲು. ಅವತ್ತು ನಮ್ಮತ್ತೆ ಕೈ ನನ್ನ ಹಣೆ ಮೇಲಿತ್ತು. ಅಂಥ ದಿನ ನಂಗೆ ಮತ್ತೆ ಬರ್ತದಾ? ಯಾರೋ ನೋಡಿದ್ರು ಅಂತ ನಾನ್ಯಾಕೆ ಅದನ್ನ ಬಿಡ್ಲಿ? ಅದು ನಂದು."

ಪಂಕಜಾಕ್ಷಿ ಮಗುವಿನ ತಲೆಗೆ ಕೆನ್ನೆ ಒತ್ತಿ ನಿಂತಳು. ಮಗು ಅವಳ ಸರ ಹಿಡಿದು ಎಳೆಯಿತು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಈಗ ವೈ-ಫೈ ಬಂದಿರಬಹುದು. ಇದನ್ನು ಮಡಿಸಿಡುವ ಮೊದಲು ಒಮ್ಮೆ ಎದ್ದು ನೋಡಿ. ಅದು ಪಾಸ್‌ವರ್ಡ್ ಕೇಳುತ್ತದೆಯೇ? ಮೋಡೆಮ್ ಬಂದಾಗ ಇದ್ದ ಪಾಸ್‌ವರ್ಡನ್ನು ಬದಲಾಯಿಸಿದ್ದೀರಾ? ಭದ್ರತೆ ಎಂಬಲ್ಲಿ ಡಬ್ಲ್ಯೂಪಿಎ-ಟು ಇದೆಯೇ? ನಿಮಗೆ ಬಾರದಿದ್ದರೆ ನಾಚಿಕೆ ಬೇಡ, ಬಲ್ಲವರನ್ನು ಕರೆದು, ಪಕ್ಕದಲ್ಲೇ ಕೂತು ಮಾಡಿಸಿ, ನೀವೂ ಕಲಿತುಕೊಳ್ಳಿ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ನಿಮ್ಮದಷ್ಟೇ ಇರುವುದಿಲ್ಲ. ನಿಮ್ಮನ್ನು ನಂಬಿದವರದೂ ಇರುತ್ತದೆ. ಅವರು ಬಂದು ಕೇಳುವ ಮೊದಲೇ, ಇವತ್ತೇ ಈ ಕೆಲಸ ಮುಗಿಸಿ.